ಬಿಳಿ ಗೀಟು

ಹೋದ ಸಲ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು, ಈ ಸಲ ತಳ್ಳಿಕೊಂಡು ಬಂದರು. ಅಷ್ಟೇ ವ್ಯತ್ಯಾಸ. ಗಾಡಿ ಅದೇ, ಹಸಿರು ಬಣ್ಣದ್ದು, ದೀಪಗಳು ಕಪ್ಪೆ ಕಣ್ಣಿನ ಹಾಗೆ ಉಬ್ಬಿಕೊಂಡಿರುವ ಅಜ್ಜಂದಿರ ಕಾಲದ ಕಾರು. ಯಜಮಾನರೂ ಅವರೇ, ಪೇಟೆ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರೋರು. ಒಳಗೆ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡ್‌ಬ್ರೇಕನ್ನು ಪ್ರಾಣದ ಹಾಗೆ ಹಿಡಿದು ಕೂತಿದ್ದರು. ಹಿಂದೆ ಒಬ್ಬ ತರಕಾರಿಯವನು, ಇಬ್ಬರು ದಾರಿಹೋಕರು, ಜೊತೆಗೆ ಅವರ ಹೆಂಡತಿ. ಹೆಂಡತಿ ತಳ್ಳುತ್ತಿದ್ದದ್ದು ಹೆಸರಿಗೆ ಮಾತ್ರ. ಕೈ ಗಾಡಿಯ ಮೇಲೆ, ಬಾಯಿ ಗಂಡನ ಮೇಲೆ.

ಗ್ಯಾರೇಜಿನ ಬಾಗಿಲಲ್ಲಿ ಅಕ್ಕ ಚಿಂದಿಬಟ್ಟೆಗೆ ಕೈಯೊರೆಸಿಕೊಳ್ಳುತ್ತಾ ನಿಂತಿದ್ದಳು.

"ಬ್ರೇಕೇ ಇಲ್ಲಮ್ಮ!" ಕನ್ನಡಕದವರು ಇಳಿಯೋ ಮೊದಲೇ ಶುರುಮಾಡಿದರು. "ಕಾಲಿಟ್ಟರೆ ಪೆಡಲ್ಲು ಸೀದಾ ನೆಲಕ್ಕೆ ಹೋಗುತ್ತೆ. ಯಾರೋ ಮನೆ ಕಟ್ಟೋ ಪುಣ್ಯಾತ್ಮರು ರಸ್ತೆ ಬದೀಲಿ ಮರಳು ಸುರಿದಿದ್ರು, ಅದಕ್ಕೆ ನುಗ್ಗಿಸಿ ನಿಲ್ಲಿಸ್ದೆ. ಇಲ್ದಿದ್ರೆ ಇಷ್ಟೊತ್ತಿಗೆ ನಾವಿಬ್ರೂ ಮೇಲೆ."

"ಬ್ರೇಕ್ ಮಾಡಿದ್ದು ನೀವೇ ಅಲ್ವಾ?" ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದರು.

ಹೌದು, ಬ್ರೇಕ್ ಮಾಡಿದ್ದು ಅಕ್ಕನೇ. ಅಲ್ಲೇ ಇದ್ದದ್ದು ನೋಡಿ ತಾಪತ್ರಯ.

ಅದು ಅಪ್ಪನಿಂದ ಬಂದ ಗ್ಯಾರೇಜು. ಹೊಸ ಗಾಡಿ ಮುಟ್ಟುವುದಿಲ್ಲ, ಹಳೆಯ ಗಾಡಿಗಳಷ್ಟೇ. ಊರವರ ಬಾಯಲ್ಲಿ ಅದು ಅಕ್ಕ-ತಮ್ಮನ ಗ್ಯಾರೇಜು. ಅಕ್ಕನ ಜಾಗ ಒಳಗಿನ ಕೋಣೆ. ಇಂಜಿನ್ನು, ಗೇರು, ಬ್ರೇಕು ಏನೇ ಬಂದರೂ ಬಿಚ್ಚಿ, ತೊಳೆದು, ಅಳೆದು, ಸವೆದದ್ದನ್ನು ತೆಗೆದು ಹೊಸದು ಕೂರಿಸಿ, ಎಳೇ ಮಗುವನ್ನು ಸುತ್ತಿದ ಹಾಗೆ ಬಟ್ಟೆಯಲ್ಲಿ ಸುತ್ತಿ ಹೊರಗೆ ಕೊಡುವವಳು ಅವಳು. ಹೊರಗಿನ ಅಂಗಳ ತಮ್ಮನದು. ಅಕ್ಕ ಕೊಟ್ಟದ್ದನ್ನೆಲ್ಲ ಗಾಡಿಗೆ ಜೋಡಿಸಿ ಬಿಗಿ ಮಾಡುವವನು ಅವನು. ಗಿರಾಕಿಗಳ ಜೊತೆ ಮಾತಾಡುವವನೂ ಅವನೇ, ಬೀಗದಕೈ ಕೈಗಿಟ್ಟು ನಗುನಗುತ್ತಾ ಬೀಳ್ಕೊಡುವವನೂ ಅವನೇ.

ತಮ್ಮ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಅಕ್ಕ ಯಾವತ್ತೋ ಅತ್ತ ಅಟ್ಟಿಬಿಡುತ್ತಿದ್ದಳು. ಮಾತಲ್ಲೇ ಮನೆ ಕಟ್ಟೋನು, ಅತ್ತವರನ್ನೂ ನಗಿಸೋನು. ಆದರೆ ಏನು ಆತುರ, ಏನು ಆತುರ! ಒಂದು ಬೋಲ್ಟಿಗೆ ಎರಡು ಸುತ್ತು ಕೊಡುವಷ್ಟರಲ್ಲಿ ಮನಸ್ಸು ಮುಂದಿನ ಬೋಲ್ಟಿಗೆ ಹಾರಿರುತ್ತಿತ್ತು. ಜೋಡಿಸಿ ಮುಗಿದ ಮೇಲೆ ಕೈಯಲ್ಲಿ ಒಂದೆರಡು ನಟ್ಟು ಮಿಕ್ಕರೆ, "ಕಂಪನಿಯವನು ಧಾರಾಳಿ, ಹೆಚ್ಚಿಗೆ ಹಾಕಿಬಿಟ್ಟಿದ್ದಾನೆ" ಅಂತ ಜೇಬಿಗಿಳಿಸುತ್ತಿದ್ದ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ನಗದೆ ಇದ್ದವಳು ಅಕ್ಕ ಒಬ್ಬಳೇ, ಅದಕ್ಕೇ ಅವಳಿಗೆ ಸಿಡುಕಿ ಅಂತ ಹೆಸರು ಬಿದ್ದಿತ್ತು.

ಮೊದಲನೇ ಸಲ ಹಗ್ಗ ಕಟ್ಟಿಸಿಕೊಂಡು ಬಂದಾಗಿನ ಕಥೆ ಕೇಳಿ. ಆ ಇಂಜಿನ್ನಿಗೆ ಅಕ್ಕ ಬೇಸಿಗೆಯಿಡೀ ಕೂತಿದ್ದಳು. ಬೇರಿಂಗುಗಳನ್ನು ಒಂದೊಂದಾಗಿ ಕೆರೆದು, ಎಲ್ಲಿ ತಾಗುತ್ತೆ ಅಂತ ತಿಳಿಯಲು ನೀಲಿ ಬಣ್ಣ ಹಚ್ಚಿ, ತಿರುಗಿಸಿ ನೋಡಿ, ಮತ್ತೆ ಕೆರೆದು ಕೂರಿಸಿದ್ದಳು. ಬೆರಳಲ್ಲಿ ತಿರುಗಿಸಿದರೆ ಗಾಣದೆಣ್ಣೆ ಸುರಿದ ಹಾಗೆ ತಿರುಗುತ್ತಿತ್ತು ಆ ಇಂಜಿನ್ನು. ತಮ್ಮ ಮಾಡಬೇಕಿದ್ದದ್ದು ಇಷ್ಟೇ: ಇಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ತಟ್ಟೆಯೊಂದು ಬರುತ್ತದೆ, ಅದರ ಅಂಚನ್ನು ಚೆನ್ನಾಗಿ ಕೆರೆದು ಒರೆಸಿ, ಎಣ್ಣೆ ಸೋರದ ಹಾಗೆ ಮಧ್ಯೆ ಗ್ಯಾಸ್ಕೆಟ್ ಇಟ್ಟು, ಕೂರಿಸುವುದು. ಕೆರೆಯೋಕೆ ಯಾರಿಗೆ ಪುರುಸೊತ್ತು? ಹಳೇ ಕೊಳೆಯ ಮೇಲೇ ಟ್ಯೂಬಿನಿಂದ ಗಮ್ಮು ಹಿಂಡಿದ, ದೋಸೆಗೆ ಎಣ್ಣೆ ಬಿಡುವವರೂ ಅಷ್ಟು ಬಿಡಲಾರರು, ಅಷ್ಟು ಹಿಂಡಿದ. ಹೊರಗೆ ಬಂದದ್ದನ್ನು ಒರೆಸಿ ಚೆಂದ ಮಾಡಿದ. ಒಳಗೆ ಹೋದದ್ದು? ಒಳಗೇ ಒಣಗಿ, ಹುಳದ ಹಾಗೆ ಉದುರಿ, ಎಣ್ಣೆ ಹೀರುವ ಜಾಲರಿಗೆ ಹೋಗಿ ಅಂಟಿಕೊಂಡಿತು. ಇಂಜಿನ್ನಿಗೆ ಗಂಟಲು ಕಟ್ಟಿತು. ಬೇಸಿಗೆಯಿಡೀ ಕೂತು ಮಾಡಿದ ಬೇರಿಂಗು ಎಣ್ಣೆಯಿಲ್ಲದೆ ಉರಿದು ಕರಗಿಹೋಯಿತು.

ಅಕ್ಕ ಆ ಗಮ್ಮಿನ ಹುಳಗಳನ್ನು ಅಂಗೈಲಿಟ್ಟುಕೊಂಡು ಅವನ ಮುಂದೆ ಹಿಡಿದಿದ್ದಳು. "ನೋಡು. ಇದು ನಿನ್ನ ಕೆಲಸ."

"ಓ, ಹೌದಲ್ಲಾ," ಅಂದಿದ್ದ ಅವನು. "ಕಂಪನಿ ಬದಲಾಯಿಸ್ಬೇಕು ಕಣಕ್ಕ, ಈ ಗಮ್ಮು ಸರಿಯಿಲ್ಲ."

ಇಂಥವನಿಗೆ ಏನಂತ ಬೈಯೋದು ಹೇಳಿ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಕಿವಿ ಅಲ್ಲಾಡಿಸೀತು.

ಈಗ ಬ್ರೇಕು. ಅಕ್ಕ ಟಾರ್ಚು ಹಿಡಿದು ಗಾಡಿಯಡಿಗೆ ನುಸುಳಿದಳು. ಹುಡುಕುವ ಕಷ್ಟವೇ ಇರಲಿಲ್ಲ. ಮುಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಎಣ್ಣೆಯ ಕೊಳವೆ, ಅದರ ತುದಿಯ ನಟ್ಟು ಓರೆಯಾಗಿ ಕೂತಿತ್ತು. ನೇರ ಹಿಡಿದು ಬೆರಳಲ್ಲಿ ಹತ್ತಿಸಿ ಆಮೇಲೆ ಸ್ಪ್ಯಾನರ್ ಹಾಕಬೇಕು. ಇವನು ಓರೆಯಾಗಿಟ್ಟು ಸೀದಾ ಸ್ಪ್ಯಾನರಿಂದ ತಿರುವಿದ್ದಾನೆ, ಬಿಗಿಯಾಯಿತು ಅಂದುಕೊಂಡು ಬಿಟ್ಟಿದ್ದಾನೆ. ಎಣ್ಣೆ ತೊಟ್ಟುತೊಟ್ಟಾಗಿ ರಸ್ತೆಗೆಲ್ಲ ಹೋಗಿದೆ. ಅವಳು ಕೂರಿಸಿದ ಸಿಲಿಂಡರು, ಒಳಗಿನ ರಬ್ಬರು ಒಂದೂ ಕೆಟ್ಟಿರಲಿಲ್ಲ.

ಮೇಲೆ ತಮ್ಮ ಬಂದು ಕನ್ನಡಕದವರನ್ನು ಸಮಾಧಾನ ಮಾಡುತ್ತಿರುವುದು ಕೇಳಿಸಿತು. "ಏನ್ಮಾಡೋದು ಸಾರ್, ಅಕ್ಕನಿಗೂ ವಯಸ್ಸಾಯ್ತು. ಕಣ್ಣು ಮೊದಲಿನ ಹಾಗಿಲ್ಲ. ನಿಮ್ಮ ಅಂಗಡಿಗೇ ಕರ್ಕೊಂಡು ಬರ್ತೀನಿ, ಒಂದು ಒಳ್ಳೆ ಕನ್ನಡಕ ಹಾಕ್ಸಿ."

ಎಲ್ಲರೂ ನಕ್ಕರು. ಕನ್ನಡಕದವರೂ ನಕ್ಕರು. ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸೋ ಕೋತಿ ಬೇರೆಲ್ಲೂ ಹುಡುಕಬೇಕಿಲ್ಲ, ತನ್ನ ಒಡಹುಟ್ಟಿದವನೇ ಇದ್ದಾನೆ ಅಂತ ಗಾಡಿಯಡಿಯಲ್ಲಿ ಮಲಗಿದ್ದ ಅಕ್ಕನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಅವಳು ಹೊರಗೆ ಬಂದಾಗ ಕನ್ನಡಕದವರ ನಗು ನಿಂತಿತ್ತು. "ನೋಡಮ್ಮ, ನಾನು ಮುಚ್ಚುಮರೆ ಇಲ್ದೆ ಹೇಳ್ತೀನಿ," ಅಂದರು. "ನಮ್ಮ ಹಳೇ ಗಾಡಿಯೋರೆಲ್ಲ ಭಾನುವಾರ ಒಂದ್ಕಡೆ ಸೇರ್ತೀವಿ. ಅಲ್ಲಿ ಎಲ್ರೂ ಹೇಳಿದ್ರು, ಹೆಂಗಸಿನ ಕೈಗೆ ಇಂಜಿನ್ ಕೊಡ್ಬೇಡ ಅಂತ. ನಾನೇ ವಾದ ಮಾಡ್ದೆ. ಈಗ ನನ್ನ ಮುಖಕ್ಕೆ ಮಸಿ. ಇದೇ ಕೊನೆ ಸಲ. ಇನ್ನೊಂದ್ಸಲ ಕೈಕೊಟ್ರೆ ನಾನೂ ಅವರ ಜೊತೆ ಸೇರ್ಕೊಂಡು ಅದೇ ಮಾತು ಆಡ್ತೀನಿ, ಬೇಜಾರು ಮಾಡ್ಕೋಬೇಡಿ."

ಅಕ್ಕ ಬಾಯಿ ತೆರೆದಳು. ನನ್ನ ತಪ್ಪಲ್ಲ, ಇವನದು ಅನ್ನಬಹುದಿತ್ತು. ಆದರೆ ತಮ್ಮ ಪಕ್ಕದಲ್ಲೇ ನಿಂತಿದ್ದ, ಬಿಳಿಚಿಕೊಂಡು. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ಅವಳು. ಹೊರಗಿನವರ ಮುಂದೆ ಅವನ ಮಾನ ತೆಗೆಯಲು ನಾಲಿಗೆ ಏಳಲಿಲ್ಲ.

"ಈ ಸಲ ವಾಪಸ್ ಬರಲ್ಲ," ಅಂದಳು. "ನನ್ನ ಮಾತು."

ಆಡಿದಳು ನೋಡಿ, ಮಾತು! ಇಂಜಿನ್ನಿಗಾದರೆ ಅವಳು ಮಾತು ಕೊಡಬಹುದು. ತಮ್ಮನ ಕೈಕೆಲಸದ ಪರವಾಗಿ ಮಾತು ಕೊಡೋದಕ್ಕೆ ಅವಳು ಯಾರು? ಆ ಮಾತು ಕೊಟ್ಟ ಗಳಿಗೆಯಿಂದ ಅವಳ ಹೆಸರು, ಇಷ್ಟು ವರ್ಷ ಒಳಗಿನ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಗಳಿಸಿದ ಹೆಸರು, ತಮ್ಮನ ಸ್ಪ್ಯಾನರಿನ ತುದಿಯಲ್ಲಿ ನೇತಾಡತೊಡಗಿತು.

ಗಿರಾಕಿಗಳು ಹೋದ ಮೇಲೆ ಅವಳು ತಮ್ಮನನ್ನು ಕೂರಿಸಿಕೊಂಡಳು. "ಕೇಳಿಲ್ಲಿ. ಅಪ್ಪ ಬಿಳಿ ಗೀಟು ಹಾಕ್ತಿದ್ರಲ್ಲ, ನೆನಪಿದೆಯಾ?"

"ಅಯ್ಯೋ, ಆ ಬಣ್ಣದ ಡಬ್ಬೀನಾ?"

"ಅದೇ. ಒಂದು ನಟ್ಟು ಪೂರ್ತಿ ಬಿಗಿ ಮಾಡ್ದ ಮೇಲೆ, ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೂ ಒಂದು ಬಿಳಿ ಗೀಟು ಎಳೀಬೇಕು. ಮುಂದೆ ಯಾವತ್ತಾದ್ರೂ ನಟ್ಟು ಸಡಿಲಾಗಿ ತಿರುಗಿದ್ರೆ ಗೀಟು ಮುರಿಯುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಈ ಸಲ ಬ್ರೇಕಷ್ಟೇ ಅಲ್ಲ, ಸ್ಟೀರಿಂಗೂ ಸೇರಿ ಅಡಿಯದೆಲ್ಲ ಬಿಚ್ಚಿ ಜೋಡಿಸು, ಒಂದೇ ಒಂದು ನಟ್ಟನ್ನೂ ಗೀಟಿಲ್ದೆ ಬಿಡ್ಬೇಡ. ಬಿಗಿ ಮಾಡು, ಗೀಟು ಹಾಕು. ಬಿಗಿ ಮಾಡು, ಗೀಟು ಹಾಕು. ಅಷ್ಟೇ. ನಾನು ಆಮೇಲೆ ಗೀಟು ನೋಡ್ತೀನಿ."

"ಆಯ್ತು ಕಣಕ್ಕ. ಗೀಟೇ ತಾನೇ? ಬೇಕಾದ್ರೆ ಹೂವಿನ ಚಿತ್ರ ಬರೀತೀನಿ."

"ಹೂವು ಬೇಡ. ಬಿಗಿ ಮಾಡು."

ತಮ್ಮ ಅಂಗಳದಲ್ಲಿ ಕೆಲಸಕ್ಕೆ ಕೂತ. ಶಿಳ್ಳೆ ಹಾಕಿಕೊಂಡೇ ಕೂತ. ಅಕ್ಕ ಒಳಗೆ ಬೇರೆ ಗಾಡಿಯ ಗೇರ್‌ಬಾಕ್ಸ್ ತೊಳೆಯುತ್ತಾ ಆ ಶಿಳ್ಳೆಯನ್ನು ಕೇಳುತ್ತಿದ್ದಳು. ಮಧ್ಯೆ ಶಿಳ್ಳೆ ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು, ಯಾವುದೋ ನಟ್ಟು ಬಿಟ್ಟನೇನೋ ಅಂತ. ಹೋಗಿ ಇಣುಕಿದರೆ, "ಏನಕ್ಕ, ಪೋಲೀಸ್ ಕೆಲಸಕ್ಕೆ ಸೇರಿದ್ಯಾ?" ಅಂತ ಅವನು ಛೇಡಿಸುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ವಾಪಸಾಗುತ್ತಿದ್ದಳು.

ಗಾಡಿ ಒಪ್ಪಿಸುವ ದಿನ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ ಗಾಡಿಯಡಿಗೆ ಮಲಗಿ ಟಾರ್ಚು ಬಿಟ್ಟದ್ದು. ಗೀಟೋ ಗೀಟು! ಸ್ಟೀರಿಂಗಿನ ಕೀಲಿಗೆ, ಬ್ರೇಕಿನ ಕೊಳವೆಗೆ, ಸ್ಪ್ರಿಂಗಿನ ಪಟ್ಟಿಗೆ, ಎಲ್ಲಿ ನೋಡಿದರೂ ಬಿಳೀ ಗೀಟು. ಎಷ್ಟೋ ದಿನದ ಮೇಲೆ ಅಕ್ಕನ ಎದೆ ಹಗುರಾಯಿತು. ಪಾಪ, ಮಾಡಿದ್ದಾನೆ ಅಂತ ತನಗೆ ತಾನೇ ಹೇಳಿಕೊಂಡಳು.

ಹೆಚ್ಚಿನ ಗೀಟುಗಳು ನೇರವಾಗಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ಮುರಿದಿದ್ದವು, ನಟ್ಟಿನ ಮೇಲಿನ ಅರ್ಧ ಒಂದು ಕಡೆ, ಕಬ್ಬಿಣದ ಮೇಲಿನ ಅರ್ಧ ಇನ್ನೊಂದು ಕಡೆ. ಇವು ಯಾಕೋ ಸಡಿಲಾಗಿವೆ ಅಂದುಕೊಂಡು ಅಂಥ ಒಂದಕ್ಕೆ ಸ್ಪ್ಯಾನರ್ ಹಾಕಿದಳು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇನ್ನೊಂದಕ್ಕೆ ಹಾಕಿದಳು. ಅದೂ ಕಲ್ಲು. ಅಕ್ಕನಿಗೆ ಅರ್ಥವಾಗಲಿಲ್ಲ. ಮುರಿದ ಗೀಟಿನ ನಟ್ಟು ಬಿಗಿಯಾಗಿ ಯಾಕಿದೆ? ಏನೋ ಹೊಳೆದ ಹಾಗಾಗಿ, ಸ್ಟೀರಿಂಗಿನ ಕೀಲಿನ ಮೇಲೆ, ಅಡಿಪಟ್ಟಿ ಹಿಡಿದು ಎಳೆದ ಹಾಗೆ ನೇರವಾಗಿದ್ದ ಗೀಟಿನ ನಟ್ಟಿಗೆ ಬರಿಗೈ ಇಟ್ಟಳು. ಎರಡೇ ಬೆರಳು. ನಟ್ಟು ಬಾಟಲಿ ಮುಚ್ಚಳದ ಹಾಗೆ ತಿರುಗಿತು. ಅವಳ ಕಣ್ಣೆದುರೇ ಗೀಟು ಮುರಿಯಿತು.

ಅವನು ಬಿಗಿ ಮಾಡಿ ಗೀಟು ಹಾಕಿಲ್ಲ. ಗೀಟು ಹಾಕಿ ಆಮೇಲೆ ಬಿಗಿ ಮಾಡಿದ್ದಾನೆ. ಬಿಗಿ ಮಾಡಲು ನೆನಪಾದ ನಟ್ಟುಗಳ ಗೀಟು ಮುರಿದಿವೆ, ಮರೆತ ನಟ್ಟುಗಳ ಗೀಟು ನೇರವಾಗಿ ನಿಂತಿವೆ. ನಂಬಬೇಕಾದದ್ದು ಮುರಿದದ್ದನ್ನು, ಹೆದರಬೇಕಾದದ್ದು ನೇರ ಇರೋದಕ್ಕೆ. ಈ ಭೂಮಿಯ ಮೇಲೆ ಇನ್ಯಾವ ಗ್ಯಾರೇಜಿನಲ್ಲೂ ಆಗಲಾರದ ಘನಂದಾರಿ ಕೆಲಸ!

"ಬಾ ಇಲ್ಲಿ!" ಅವಳು ಅಲ್ಲಿಂದಲೇ ಕೂಗಿದಳು. ಗಾಡಿಯಡಿಯ ಕೂಗಿಗೆ ಎದುರುಮನೆ ಕಿಟಕಿ ತೆರೆಯಿತು.

ತಮ್ಮ ಬಂದು ಬಗ್ಗಿ ನೋಡಿದ. ಅವಳು ಆ ನಟ್ಟನ್ನು ಬೆರಳಲ್ಲಿ ತಿರುಗಿಸಿ ತೋರಿಸಿದಳು.

"ಅದು... ಬಣ್ಣದ ಡಬ್ಬಿ ಒಂದ್ಸಲ ತೆರೆದ್ರೆ ಒಣಗಿಹೋಗುತ್ತೆ ಅಕ್ಕ. ಹೆಂಗೂ ಕೆಳಗೆ ಮಲಗಿದ್ನಲ್ಲ, ಒಂದೇ ಏಟಿಗೆ ಎಲ್ಲಕ್ಕೂ ಗೀಟು ಎಳೆದುಬಿಟ್ಟೆ. ಆಮೇಲೆ ಒಂದೊಂದಾಗಿ ಬಿಗಿ ಮಾಡ್ಕೊಂಡು ಬಂದೆ. ಎಲ್ಲೋ ಒಂದೆರಡು ಬಿಟ್ಟಿರ್ಬೇಕು."

"ಒಂದೆರಡಾ? ಗೀಟು ಅನ್ನೋದು ಸಾಕ್ಷಿ ಕಣೋ! ಕೆಲಸ ಆಗೋ ಮೊದ್ಲೇ ಸಾಕ್ಷಿ ಹೇಳಿಸ್ತೀಯಲ್ಲ, ನಿನ್ನ ತಲೇಲಿ ಏನಿದೆ? ಸ್ಟೀರಿಂಗ್ ನಟ್ಟು ಕಣೋ ಇದು! ಬ್ರೇಕ್ ಹೋದ್ರೆ ಮರಳಾದ್ರೂ ಸಿಗುತ್ತೆ, ಸ್ಟೀರಿಂಗ್ ಕೈಗೆ ಬಂದ್ರೆ ಏನು ಸಿಗುತ್ತೆ? ಅವ್ರು ಇವತ್ತು ಈ ಗಾಡೀಲಿ ಗುಡ್ಡ ಇಳಿದು ಕೆಳಗಿನೂರಿಗೆ ಹೋಗ್ತಾರೆ! ಸರಿ ಆಚೆ, ನಾನೇ ಎಲ್ಲ ಬಿಗಿ ಮಾಡ್ತೀನಿ."

ಅಷ್ಟೇ ಸಾಕಾಯಿತು. ತಮ್ಮನ ಮುಖ ಊದಿಕೊಂಡಿತು. "ಹಾಗಾದ್ರೆ ನಾನ್ಯಾಕೆ ಇರ್ಬೇಕು ಇಲ್ಲಿ? ಎಲ್ಲ ನೀನೇ ಮಾಡ್ಕೋ. ಇಂಜಿನ್ನೂ ನೀನೇ, ನಟ್ಟೂ ನೀನೇ. ಚಿಕ್ಕೋನಿದ್ದಾಗಿಂದ ಇದೇ ಆಯ್ತು, ನಾನು ಮಾಡಿದ್ದು ಒಂದೂ ನಿನ್ನ ಕಣ್ಣಿಗೆ ಬರಲ್ಲ. ನಂಬಿಕೆನೇ ಇಲ್ಲ ಅಂದ್ಮೇಲೆ ಹೇಳು, ಇವತ್ತೇ ಹೊರಟೆ." ಅವನ ಮೂಗು ಕೆಂಪಾಯಿತು. ಹಾಲುಹಲ್ಲಿನ ಕಾಲದಲ್ಲೂ ಹೀಗೇ ಕೆಂಪಾಗುತ್ತಿತ್ತು.

ಅಲ್ಲಿಗೆ ಅಕ್ಕ ಸೋತಳು. ಯಾವಾಗಲೂ ಅಲ್ಲಿಗೇ ಸೋಲುತ್ತಿದ್ದಳು. ಅದೂ ಅಲ್ಲದೆ ಕಬ್ಬಿಣ ಕಡೆಯುವ ಲೇತ್ ಅಂಗಡಿಯವನು ಬೆಳಗಿನಿಂದ ಎರಡು ಸಲ ಹೇಳಿಕಳಿಸಿದ್ದ, ಬೇರೆ ಇಂಜಿನ್ನಿನ ಕೆಲಸ ಮಷೀನಿನ ಮೇಲಿದೆ, ಅಳತೆಗೆ ನೀವೇ ನಿಂತಿರಬೇಕು ಅಂತ.

"ಆಯ್ತು, ನೀನೇ ಮಾಡು," ಅಂದಳು. "ಹಳೇ ಗೀಟೆಲ್ಲ ಪೆಟ್ರೋಲಲ್ಲಿ ಒರೆಸಿ ಹಾಕು. ಮೊದ್ಲಿಂದ ಬಿಗಿ ಮಾಡು. ಬಿಗಿ ಮಾಡಿದ ಮೇಲೆ ಗೀಟು. ಮೇಲೆ. ಕೇಳಿಸ್ತಾ? ನಿನ್ನ ಕಾಲಿಗೆ ಬೀಳ್ತೀನಿ."

"ಹೋಗಕ್ಕ ಹೋಗು, ನಾನೇನು ಮಗೂನಾ?"

ಲೇತ್ ಅಂಗಡಿಯಲ್ಲಿ ಅವಳ ಮೈ ಮಾತ್ರ ಇತ್ತು. ಅಳತೆ ಒಂದು ಸಲ ತಪ್ಪು ಹೇಳಿದಳು, ಲೇತಿನವನೇ ತಿದ್ದಿದ. ಇವತ್ತೇನಮ್ಮ ಎಲ್ಲೋ ಇದೀರಿ ಅಂತ ಕೇಳಿದ. ಕೆಲಸ ಮುಗಿದದ್ದೇ ತಡ, ಓಟದ ನಡಿಗೆಯಲ್ಲಿ ವಾಪಸು ಬಂದಳು.

ಕನ್ನಡಕದವರೂ ಅವರ ಹೆಂಡತಿಯೂ ಆಗಲೇ ಬಂದಿದ್ದರು. ಹಸಿರು ಗಾಡಿ ಬೀದಿಗೆ ಮುಖ ಮಾಡಿ ನಿಂತಿತ್ತು, ತೊಳೆದು ಮಿರಮಿರ ಮಾಡಿ. ಹೆಂಡತಿ ತಂಗಿಯ ಮನೆಗೆಂದು ತಂದಿದ್ದ ಚೀಲಗಳನ್ನು ಒಳಗಿಡುತ್ತಿದ್ದರು. ಅಕ್ಕ ಮುಂದಿನ ಚಕ್ರದ ಬಳಿ ಕೂತು ಇಣುಕಿದಳು. ಹಳೇ ಗೀಟುಗಳು ಹೋಗಿದ್ದವು. ಹೊಸ ಗೀಟುಗಳು ಹಸಿಹಸಿಯಾಗಿ ಹೊಳೆಯುತ್ತಿದ್ದವು, ಎಲ್ಲವೂ ನೇರ.

ನೇರ ಇದ್ದರೆ ಏನಂತ ಅರ್ಥ? ಬೆಳಿಗ್ಗೆಯ ತನಕ ಅವಳಿಗೆ ಅರ್ಥ ಗೊತ್ತಿತ್ತು. ಈಗ ಗೊತ್ತಿಲ್ಲ. ಬಿಗಿ ಮಾಡಿ ಎಳೆದಿದ್ದರೂ ಹೀಗೇ ಕಾಣುತ್ತವೆ, ಮಾಡದೆ ಎಳೆದಿದ್ದರೂ ಹೀಗೇ ಕಾಣುತ್ತವೆ. ಸ್ಪ್ಯಾನರ್ ಹಾಕಿ ನೋಡೋಣವೆಂದರೆ ಗಿರಾಕಿಗಳ ಎದುರೇ ತಮ್ಮನ ಮಾನ ತೆಗೆದ ಹಾಗೆ. ಅಪ್ಪನ ಕಾಲದ ಗೀಟಿನ ಬೆಲೆಯನ್ನೇ ಈ ಮಹಾರಾಯ ಒಂದು ಬೆಳಿಗ್ಗೆಯಲ್ಲಿ ಮಣ್ಣುಪಾಲು ಮಾಡಿದ್ದ.

ಅವಳು ಎದ್ದು ತಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಎಲ್ಲ ಮಾಡಿದ್ಯಾ?"

"ಎಲ್ಲ ಮಾಡ್ದೆ."

"ಒಂದೂ ಬಿಡದೆ?"

"ಎಷ್ಟು ಸಲ ಕೇಳ್ತೀಯ? ಮಾಡ್ದೆ ಅಂದ್ನಲ್ಲ." ಅವನು ಕನ್ನಡಕದವರ ಕಡೆ ತಿರುಗಿ ಬೀಗದಕೈ ಅವರ ಅಂಗೈಗಿಟ್ಟ. "ತಗೊಳ್ಳಿ ಸಾರ್. ಇನ್ನು ಇದು ಬಾಣ. ಗುಡ್ಡ ಇಳಿಯೋವಾಗ ಹಾಡು ಹೇಳ್ಕೊಂಡು ಇಳೀರಿ."

ಆಗಲೇ ತಮ್ಮನ ಮಗಳು ಮನೆಯೊಳಗಿಂದ ಬಂದಳು. ಮನೆಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಅನ್ನುತ್ತಿದ್ದರು. ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗಿ, ಹೆಗಲಿಗೆ ಚೀಲ ಹಾಕಿ ಹೊರಟಿದ್ದಳು. "ಅತ್ತೆ, ಬಂದ್ಯಾ? ನಾನು ಕೆಳಗಿನೂರಿಗೆ ಹೊರಟೆ, ಗೆಳತಿ ಮನೇಗೆ," ಅಂದಳು. ಹಸಿರು ಗಾಡಿ ನೋಡಿ ಅವಳ ಕಣ್ಣರಳಿತು. "ಅಂಕಲ್, ನೀವೂ ಗುಡ್ಡ ಇಳಿದೇ ಹೋಗೋದಲ್ವಾ?"

"ಹೌದಮ್ಮ, ಬಾ!" ಅಂದರು ಚೀಲಗಳನ್ನು ಕಾಲಬಳಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಕನ್ನಡಕದವರ ಹೆಂಡತಿ. "ಹಿಂದಿನ ಸೀಟು ಪೂರ್ತಿ ಖಾಲಿ. ನಂಗೂ ಮಾತಿಗೆ ಜನ ಸಿಕ್ಕಿದ ಹಾಗಾಯ್ತು."

ಚುಕ್ಕಿ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಳು.

"ಬೇಡ!" ಅಂದ ತಮ್ಮ.

ಎಷ್ಟು ಜೋರಾಗಿ ಅಂದನೆಂದರೆ ಕನ್ನಡಕದವರು ಬೆಚ್ಚಿ ತಿರುಗಿದರು. ತಮ್ಮ ಆಗಲೇ ಮಗಳ ತೋಳು ಹಿಡಿದು ಹೊರಗೆ ಎಳೆದಿದ್ದ. ಸಾವರಿಸಿಕೊಂಡು ನಕ್ಕ. "ಅಲ್ಲಾ... ಯಾಕೆ ಅವರಿಗೆ ತೊಂದರೆ. ನೀನು ಬಸ್ಸಲ್ಲಿ ಹೋಗು."

"ತೊಂದರೆ ಏನಿಲ್ಲಪ್ಪಾ," ಅಂದರು ಕನ್ನಡಕದವರು.

"ಹಾಗಲ್ಲ ಸಾರ್, ಅವಳಿಗೆ ಪೆಟ್ರೋಲ್ ವಾಸನೆ ಆಗಲ್ಲ, ತಲೆ ಸುತ್ತುತ್ತೆ."

"ನಂಗಾ?" ಚುಕ್ಕಿ ಬಾಯಿಬಿಟ್ಟುಕೊಂಡು ಅಪ್ಪನನ್ನೇ ನೋಡಿದಳು. "ಹುಟ್ಟಿದಾಗಿಂದ ಈ ಗ್ಯಾರೇಜಲ್ಲೇ ಬಿದ್ದಿದೀನಿ, ನಂಗೆ ಪೆಟ್ರೋಲ್ ಆಗಲ್ವಾ?"

ಅವನು ಮಗಳ ತೋಳು ಬಿಡಲಿಲ್ಲ.

ಅಕ್ಕ ಆ ಕೈಯನ್ನು ನೋಡಿದಳು. ಯಾವ ನಟ್ಟನ್ನೂ ಅಷ್ಟು ಬಿಗಿಯಾಗಿ ಹಿಡಿದ ಕೈಯಲ್ಲ ಅದು. ಇಷ್ಟು ವರ್ಷ ಅವಳು ಏನಂದುಕೊಂಡಿದ್ದಳು? ಪಾಪ, ಇವನಿಗೆ ಗೊತ್ತಾಗಲ್ಲ. ಕಣ್ಣು ಸೂಕ್ಷ್ಮ ಇಲ್ಲ. ಆತುರದ ಬುದ್ಧಿ, ಮರೆವು, ಹುಟ್ಟುಗುಣ, ಏನು ಮಾಡೋದು. ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು, ಗೊತ್ತಿಲ್ಲದವನಿಗೆ ಕಲಿಸುತ್ತಿದ್ದೇನೆ ಅಂದುಕೊಂಡು. ಇವನಿಗೆ ಗೊತ್ತು! ಎಲ್ಲಾ ಗೊತ್ತು! ಯಾವ ಗಾಡಿಯಲ್ಲಿ ಮಗಳನ್ನು ಕೂರಿಸಬಹುದು, ಯಾವುದರಲ್ಲಿ ಕೂರಿಸಬಾರದು ಅನ್ನುವಷ್ಟು ಚೆನ್ನಾಗಿ ಗೊತ್ತು. ಕೂರುವವರು ಬೇರೆಯವರಾಗಿದ್ದರಿಂದ ಶಿಳ್ಳೆ ಹಾಕಿಕೊಂಡಿದ್ದ, ಅಷ್ಟೇ.

ಅವಳು ಹೋಗಿ ಕನ್ನಡಕದವರ ಅಂಗೈಯಿಂದ ಬೀಗದಕೈ ತೆಗೆದುಕೊಂಡಳು.

"ಇಳೀರಿ," ಅಂದಳು ಅವರ ಹೆಂಡತಿಗೆ. "ಚೀಲಾನೂ ಇಳಿಸ್ಕೊಳ್ಳಿ. ಗಾಡಿ ರೆಡಿ ಇಲ್ಲ."

"ಏನಮ್ಮ ಇದು! ಈಗ ತಾನೇ ಇವರು..."

"ಇಂಜಿನ್ನು ನಂದು. ಬ್ರೇಕಿನ ಒಳಗಿನ ಕೆಲಸ ನಂದು. ಅವು ಎರಡು ಸಲಾನೂ ಸರಿಯಾಗೇ ಇದ್ವು. ಜೋಡಿಸಿದ್ದು ನನ್ನ ತಮ್ಮ. ಮೊದಲ್ನೇ ಸಲ ಕೆಟ್ಟಿದ್ದು ಅವನ ಗಮ್ಮಿಂದ, ಎರಡನೇ ಸಲ ಅವನ ನಟ್ಟಿಂದ. ನಾನು ಹೇಳ್ಲಿಲ್ಲ, ಅದು ನನ್ನ ತಪ್ಪು. ಈಗ ಹೇಳ್ತಿದೀನಿ. ಅವನ ಮಗಳನ್ನ ಅವನು ಕೂರಿಸದಿರೋ ಗಾಡೀಲಿ ನೀವು ಕೂರ್ಬೇಡಿ."

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಹೆಂಡತಿ ಚೀಲವನ್ನು ಎದೆಗೆ ಅವುಚಿಕೊಂಡು ಸೀಟಿನಿಂದ ಇಳಿದರು. ಇಳಿದವರು ಗಾಡಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತರು, ಅದೇನೋ ಕಚ್ಚುತ್ತದೆ ಅನ್ನೋ ಹಾಗೆ.

"ಅಕ್ಕಾ, ಬೀದೀಲಿ ಮಾನ ಕಳೀಬೇಡ," ತಮ್ಮ ಪಿಸುಗುಟ್ಟಿದ. "ಅರ್ಧಕ್ಕರ್ಧ ಬಿಗಿ ಮಾಡಿದ್ದೆ. ಇವರು ಬೇಗ ಬಂದ್ಬಿಟ್ರು. ಒಂದು ನಿಮಿಷ ಕೊಡು, ಈಗ್ಲೇ ಮಾಡಿಬಿಡ್ತೀನಿ." ಸ್ಪ್ಯಾನರಿಗೆ ಕೈ ಹಾಕಿದ.

"ಮುಟ್ಟಬೇಡ ಅದನ್ನ."

ಚುಕ್ಕಿ ಅಪ್ಪನ ಮುಖದಿಂದ ಕಣ್ಣು ತೆಗೆದಿರಲಿಲ್ಲ. ತೋಳನ್ನು ಬಿಡಿಸಿಕೊಂಡಳು. "ಅಪ್ಪಾ," ಅಂದಳು, "ಮೊನ್ನೆ ವಕೀಲರ ಗಾಡೀನೂ ನೀನೇ ಜೋಡಿಸಿ ಕಳಿಸಿದ್ಯಲ್ಲ. ಅದು?"

ತಮ್ಮ ಸ್ಪ್ಯಾನರ್ ಕೆಳಗಿಟ್ಟ.

"ಅದಕ್ಕೂ ಮೊದ್ಲೇ ಗೀಟು ಹಾಕಿದ್ಯಾ?" ಅಕ್ಕ ಕೇಳಿದಳು.

"ಅದಕ್ಕೆ ಗೀಟೇ ಹಾಕಿರ್ಲಿಲ್ಲ."

"ಬಿಗಿ ಮಾಡಿದ್ಯಾ ಇಲ್ವಾ ಅಂತ ಕೇಳ್ತಿದೀನಿ. ಸ್ಟೀರಿಂಗು. ಚಕ್ರ."

"ಮಾಡಿರ್ತೀನಿ."

"ಮಾಡಿರ್ತೀಯ?"

"ನಂಗೆ ನೆನಪಿಲ್ಲ ಅಕ್ಕ." ಅವನ ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಈ ಸಲ ಅಕ್ಕನಿಗೆ ಏನೂ ಅನ್ನಿಸಲಿಲ್ಲ. ಅವಳು ಅವನ ಮೇಲುಜೇಬಿನಿಂದ ಫೋನು ತೆಗೆದು ಅವನ ಕೈಗೇ ಕೊಟ್ಟಳು.

"ವಕೀಲರಿಗೆ ಫೋನ್ ಮಾಡು."

"ಏನಂತ ಹೇಳ್ಲಿ?"

"ನನ್ನ ಮಗಳಾಗಿದ್ರೆ ಕೂರಿಸ್ತಿರ್ಲಿಲ್ಲ ಅಂತ ಹೇಳು."

ಅವನು ನಂಬರ್ ಒತ್ತಿದ. ಬಹಳ ಹೊತ್ತು ರಿಂಗಾಯಿತು. ಆಮೇಲೆ ವಕೀಲರ ದನಿ ಕೇಳಿಸಿತು, ಸುತ್ತಲೂ ಗಾಳಿಯ ಸದ್ದು, ಮಕ್ಕಳ ಕೇಕೆ. ಅಕ್ಕನಿಗೂ ಚುಕ್ಕಿಗೂ ಕೇಳುವಷ್ಟು ಗಟ್ಟಿಯಾಗಿ, ಖುಷಿಯಾಗಿ ಅವರು ಹೇಳುತ್ತಿದ್ದರು. "ಏನಪ್ಪಾ, ಸರಿಯಾದ ಹೊತ್ತಿಗೆ ಮಾಡಿದೆ! ಮನೆಯೋರೆಲ್ಲ ನಿನ್ನ ಗಾಡೀಲೇ ಹೊರಟಿದೀವಿ. ಮಗ ಓಡಿಸ್ತಿದಾನೆ. ನೀನಂದ ಹಾಗೇ, ಬಾಣ ಕಣಯ್ಯಾ!"

ತಮ್ಮ ಒಂದು ಸಲ ಮಗಳ ಮುಖ ನೋಡಿದ.

"ಸಾರ್," ಅಂದ, "ಮಗನಿಗೆ ಹೇಳಿ. ಎಲ್ಲಿದೀರೋ ಅಲ್ಲೇ, ಮೆಲ್ಲಗೆ, ಪಕ್ಕಕ್ಕೆ ಹಾಕಿ ನಿಲ್ಲಿಸೋಕೆ ಹೇಳಿ. ಎಲ್ರೂ ಇಳೀರಿ ಸಾರ್. ಮೊದ್ಲು ಮಕ್ಕಳನ್ನ ಇಳಿಸಿ."